ಬಾಪ್ಪು ಜೊತೆ ಎಡಿನ್‌ಬರೋ ರೈಲು

ನಮ್ಮ ಬಾಪ್ಪು ಜೀವಮಾನದಲ್ಲಿ ಒಂದು ಬಸ್ಸನ್ನಾಗಲಿ, ವಿಮಾನವನ್ನಾಗಲಿ ತಪ್ಪಿಸಿಕೊಂಡವರಲ್ಲ. ಹೇಗೆ ತಪ್ಪಿಸಿಕೊಂಡಾರು? ಅವರು ನಿಲ್ದಾಣ ಮುಟ್ಟುವ ಹೊತ್ತಿಗೆ ಆ ಬಸ್ಸು ಇನ್ನೂ ಡಿಪೋದಲ್ಲಿ ಮೈ ತೊಳೆಸಿಕೊಳ್ಳುತ್ತಿರುತ್ತದೆ. ಅದರ ಡ್ರೈವರ್ ಮನೆಯಲ್ಲಿ ಹೊದ್ದು ಮಲಗಿರುತ್ತಾನೆ.

ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ನನ್ನ ತೀರಿಹೋದ ಅಪ್ಪನ ತಮ್ಮ. ಬಹರೈನಿಗೆ ಬಂದಾಗಿನಿಂದ ಸೆಗಯಾದ ಒಂದು ಗ್ಯಾರೇಜಿನಲ್ಲಿ ಸ್ಪೇರ್ ಪಾರ್ಟ್ಸ್ ವಿಭಾಗ ನೋಡಿಕೊಂಡು, ಅದೇ ಬೀದಿಯ ಫ್ಲ್ಯಾಟಿನಲ್ಲಿ ಇದ್ದಾರೆ. ಈ ದ್ವೀಪದಲ್ಲಿ ಎಲ್ಲಿಂದ ಎಲ್ಲಿಗೆ ಹೊರಟರೂ ಕಾರಿನ ಏಸಿ ಸರಿಯಾಗಿ ತಂಪಾಗುವುದರೊಳಗೆ ಊರು ಬಂದುಬಿಡುತ್ತದೆ. ಆದರೂ ಬಾಪ್ಪು ಅವಾಲಿಗೆ ಹೊರಟರೆಂದರೆ ಒಂದು ಫ್ಲಾಸ್ಕ್ ಚಹಾ, ಒಂದು ಪೊಟ್ಟಣ ಬಿಸ್ಕತ್ತು, ಕುತ್ತಿಗೆಗೆ ದಿಂಬು. ಒಮ್ಮೆ ಅವಾಲಿಯ ಪರಿಚಯದವರು ರಾತ್ರಿ ಊಟಕ್ಕೆ ಕರೆದಿದ್ದರು. ಬಾಪ್ಪು ಮಧ್ಯಾಹ್ನವೇ ಹೋಗಿ ಬೆಲ್ ಒತ್ತಿದರು. ಮನೆಯ ಯಜಮಾನ ಲುಂಗಿಯಲ್ಲಿ, ಯಜಮಾನತಿ ತಲೆಗೆ ಮೆಹಂದಿ ಮೆತ್ತಿಕೊಂಡು ಬಾಗಿಲು ತೆರೆದರಂತೆ. ಬಾಪ್ಪು ಸ್ವಲ್ಪವೂ ಮುಜುಗರಪಡದೆ ಅಡುಗೆಮನೆಗೆ ಹೋಗಿ, ಕೂತು, ಬೆಳ್ಳುಳ್ಳಿ ಸುಲಿದುಕೊಟ್ಟರು. ಈಗ ಆ ಮನೆಯಾಕೆ ಅವರನ್ನು ಊಟಕ್ಕೆ ಕರೆದ ದಿನ ಬೆಳ್ಳುಳ್ಳಿಯನ್ನು ಮುಟ್ಟುವುದೇ ಇಲ್ಲ, ಹಾಗೇ ಇಟ್ಟಿರುತ್ತಾಳೆ.

ನಾನೋ, ಕೊನೆಯ ಗಳಿಗೆಯ ಗಿರಾಕಿ. ಇದನ್ನು ನಾನು ಸಮಯದ ಸದ್ಬಳಕೆ ಎನ್ನುತ್ತೇನೆ. ನನ್ನ ಹೆಂಡತಿ ಬೇರೆ ಏನೋ ಎನ್ನುತ್ತಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ. ಮನಾಮದ ಒಂದು ಕಚೇರಿಯಲ್ಲಿ ಅಕೌಂಟೆಂಟ್ ಆಗಿರುವ ನನಗೆ, ಕಡಿಮೆ ಖರ್ಚಿನಲ್ಲಿ ಕಡಿಮೆ ಹೊತ್ತಿನಲ್ಲಿ ಜನರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ ಎಂಬ ನಂಬಿಕೆ ಇತ್ತು. ಇತ್ತು ಎನ್ನುವುದನ್ನು ದಯವಿಟ್ಟು ಗಮನಿಸಿ.

ಬಾಪ್ಪುವಿನ ಒಬ್ಬಳೇ ಮಗಳು ಎಡಿನ್‌ಬರೋದಲ್ಲಿ ನರ್ಸ್. ಅವಳ ಮದುವೆ ಅಲ್ಲೇ ನಿಶ್ಚಯವಾಯಿತು. ಬಾಪ್ಪುವಿನ ಹೆಂಡತಿ ಮೌಶಿ ಒಂದು ತಿಂಗಳು ಮೊದಲೇ ಹೋಗಿ ಮಗಳ ಜೊತೆ ಇದ್ದರು. ಇಲ್ಲಿಂದ ಹೊರಡಬೇಕಾದವರು ಐದು ಜನ: ಬಾಪ್ಪು, ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮತ್ತು ಮಂಡಿನೋವಿನ ನನ್ನ ಅಮ್ಮ. ಲಂಡನ್ನಿಗೆ ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತು. ಅಷ್ಟು ದೂರ ಹೋಗಿ ಲಂಡನ್ ನೋಡದೆ ಬರುವುದೇ ಎಂದು ಎರಡು ದಿನ ಅಲ್ಲಿ ಉಳಿಯುವುದೆಂದಾಯಿತು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವುದು ಹೇಗೆ?

ಇಲ್ಲಿ ವಾರದ ರಜೆಯಾದ ಒಂದು ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಮಾಹೂಝ್‌ನ ನಮ್ಮ ಫ್ಲ್ಯಾಟಿನಲ್ಲಿ ಸಭೆ ಸೇರಿತು. ನಾನು ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ, ಬಣ್ಣ ಬಣ್ಣದ ಎಕ್ಸೆಲ್ ಹಾಳೆ ತೆರೆದೆ. ವಿಮಾನದಲ್ಲಿ ಬರೀ ಒಂದು ಗಂಟೆ ಚಿಲ್ಲರೆ ಎಂದು ಹೆಮ್ಮೆಯಿಂದ ಶುರುಮಾಡಿದೆ. ಬಾಪ್ಪು ಕನ್ನಡಕ ಏರಿಸಿ ನೋಡಿದರು. ಆ ವಿಮಾನ ನಿಲ್ದಾಣ ಲಂಡನ್ನಿನಿಂದ ಎಷ್ಟು ದೂರ, ಅಲ್ಲಿಗೆ ಹೋಗಲು ಯಾವ ರೈಲು, ಸೂಟ್‌ಕೇಸಿಗೆ ಬೇರೆ ದುಡ್ಡೆ, ಇಳಿದ ಮೇಲೆ ಊರೊಳಗೆ ಬರಲು ಮತ್ತೆಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿದರು. ಉತ್ತರ ಹೇಳಹೇಳುತ್ತ ನನ್ನ ಒಂದು ಗಂಟೆ ಚಿಲ್ಲರೆಯ ವಿಮಾನ ಆರು ಗಂಟೆಗೆ ಹಿಗ್ಗಿತು. ಅದೂ ಬಾಪ್ಪು ತಮ್ಮ ಲೆಕ್ಕದಲ್ಲಿ ಮೊದಲೇ ಹೋಗಿ ಕೂರುವ ಹೊತ್ತನ್ನು ಸೇರಿಸದೆ.

ದೂರದ ಬಸ್ಸು ಎಲ್ಲಕ್ಕಿಂತ ಅಗ್ಗ. ಮದುವೆಗೆ ಎರಡು ದಿನ ಮೊದಲೇ ಬಸ್ಸಿನಲ್ಲಿ ಹೊರಟುಬಿಡೋಣ ಎಂಬುದು ಬಾಪ್ಪುವಿನ ಆಸೆ. ಆದರೆ ಒಂಬತ್ತು ಗಂಟೆ ಮಡಚಿಕೊಂಡು ಕೂತರೆ ಅಮ್ಮನ ಮಂಡಿಯನ್ನು ಮತ್ತೆ ಬಿಡಿಸುವವರು ಯಾರು? ಬಸ್ಸು ಬಿದ್ದುಹೋಯಿತು.

ಆಗ ನಾನು ವ್ಯಾನ್ ಬಾಡಿಗೆಗೆ ತೆಗೆದುಕೊಂಡು ನಾನೇ ಓಡಿಸುತ್ತೇನೆ ಎಂದೆ. ಐದು ಜನಕ್ಕೆ ಹಂಚಿದರೆ ರೈಲಿಗಿಂತ ಸೋವಿ. ಬ್ರಿಟನ್ನಿನಲ್ಲಿ ಎಡಬದಿಯಲ್ಲಿ ಓಡಿಸಬೇಕು, ನಾವು ಊರಿನಲ್ಲಿ ಎಡಬದಿಯವರೇ ಅಲ್ಲವೇ? ಹೆಂಡತಿ ನಮ್ಮ ಕಟ್ಟಡದ ಪಾರ್ಕಿಂಗಿನ ಕಂಬವೊಂದನ್ನು ನೆನಪಿಸಿಕೊಂಡು ಸುಮ್ಮನೆ ನಕ್ಕಳು. ಆ ಕಂಬದ ಬಣ್ಣ ನನ್ನ ಕಾರಿಗೂ, ನನ್ನ ಕಾರಿನ ಬಣ್ಣ ಆ ಕಂಬಕ್ಕೂ ಬಂದಿದೆ. ಆದರೂ ಛಲ ಬಿಡದೆ ಮರುದಿನ ಕೆಳಗೆ ಹೋಗಿ, ಸ್ಟಿಯರಿಂಗ್ ಎಡಗಡೆ ಇರುವ ಇಲ್ಲಿಯ ಕಾರಿನ ಬಲಗಡೆಯ ಸೀಟಿನಲ್ಲಿ ಕೂತು, ಇಲ್ಲದ ಸ್ಟಿಯರಿಂಗ್ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಕಟ್ಟಡದ ಕೇರಳದ ವಾಚ್‌ಮ್ಯಾನ್ ಕಿಟಕಿ ತಟ್ಟಿ, ತುಂಬ ಮರ್ಯಾದೆಯಿಂದ, "ಸಾಬ್, ಡ್ರೈವರ್ ಕೋ ಬುಲಾವೂಂ ಕ್ಯಾ?" ಎಂದು ಕೇಳಿದ. ವ್ಯಾನೂ ಬಿತ್ತು.

ಹೀಗೆ ರೈಲೇ ಉಳಿಯಿತು. ಅಲ್ಲಿ ರೈಲಿನ ಟಿಕೆಟ್ ಹೊರಡುವ ದಿನ ತೆಗೆದರೆ ಬಂಗಾರದ ಬೆಲೆ, ಮೊದಲೇ ತೆಗೆದರೆ ಬೆಳ್ಳಿಯದ್ದು. ನಾನು ವಾರಗಟ್ಟಲೆ ಹುಡುಕಿ ಒಂದು ರಹಸ್ಯ ಕಂಡುಹಿಡಿದೆ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದೇ ಟಿಕೆಟ್ ತೆಗೆಯುವ ಬದಲು, ನಡುವಿನ ಯಾರ್ಕ್‌ವರೆಗೆ ಒಂದು, ಯಾರ್ಕ್‌ನಿಂದ ಮುಂದಕ್ಕೆ ಇನ್ನೊಂದು ಎಂದು ತುಂಡು ಮಾಡಿದರೆ ಬಹಳ ಕಡಿಮೆ. ಅದೇ ರೈಲು, ಇಳಿಯಬೇಕಾಗಿಲ್ಲ. ಈ ಜ್ಞಾನೋದಯವನ್ನು ಕಂಡಕಂಡವರಿಗೆಲ್ಲ ಹೇಳಿದೆ. ಇಗರ್ಜಿಯ ಪಾದ್ರಿಗಳಿಗೂ ಹೇಳಿದೆ. ಅವರು ಆಶೀರ್ವಾದ ಮಾಡಿ ಬೇಗ ಒಳಗೆ ಹೋದರು. ಆದರೆ ಅಗ್ಗದ ಟಿಕೆಟಿಗೆ ಒಂದು ಷರತ್ತು: ಅದೇ ರೈಲು, ಅದೇ ಹೊತ್ತು, ನಡುವೆ ಇಳಿದರೆ ಟಿಕೆಟ್ ಸತ್ತಂತೆ. ಇನ್ನೊಂದು ಸಣ್ಣ ವಿಷಯವೂ ಇತ್ತು. ಯಾರ್ಕ್ ಆದ ಮೇಲೆ ನಮ್ಮ ಸೀಟುಗಳು ಬೇರೆ ಬೋಗಿಯಲ್ಲಿದ್ದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಾಪ್ಪು ಪ್ರಶ್ನೆ ಕೇಳುತ್ತಿದ್ದರು.

ಅಗ್ಗದ ಸೀಟು ಇದ್ದದ್ದು ರೋಸ್ ದಿನದ ಬೆಳಗಿನ ರೈಲಿನಲ್ಲಿ. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ಮದುಮಗಳಿಗೂ ಮದುಮಗನಿಗೂ ಅವರವರ ಮನೆಯವರು ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರಕ್ಕೆ ರೋಸ್ ಎನ್ನುತ್ತೇವೆ. ಮೊದಲು ಹಚ್ಚಬೇಕಾದವರು ತಂದೆತಾಯಿ. ಸಂಜೆಯ ಶಾಸ್ತ್ರ, ಮಧ್ಯಾಹ್ನಕ್ಕೇ ತಲುಪುತ್ತೇವೆ ಎಂದು ನಾನು ಮುಂದಿನ ಸಭೆಯಲ್ಲಿ ಎದೆ ತಟ್ಟಿ ಹೇಳಿದೆ. ಬಾಪ್ಪು ಟೀವಿಯ ಮೇಲಿನ ನನ್ನ ಹಾಳೆಯ ಹೊತ್ತುಗಳನ್ನು ಬೆರಳು ಮಡಚಿ ಎಣಿಸಿದರು. ಕೊನೆಗೆ, "ನೀನು ಹೇಳಿದ ಹಾಗೆ ಆಗ್ಲಿ ಮಾರಾಯ" ಎಂದರು. ನನಗೆ ಯುದ್ಧ ಗೆದ್ದಂತಾಯಿತು.

ಆ ದಿನ ಲಂಡನ್ನಿನ ಸ್ಟೇಷನ್ನಿಗೆ ನಮ್ಮೆಲ್ಲರನ್ನೂ ಬಾಪ್ಪು ಹಕ್ಕಿಗಳು ಏಳುವ ಮೊದಲೇ ಕರೆತಂದರು ಎಂದು ಬೇರೆ ಹೇಳಬೇಕೆ? ಕಾಫಿ ಅಂಗಡಿಯವನು ಶಟರ್ ಎತ್ತಿದಾಗ ನಾವು ಎದುರಿಗೇ ಸಾಲಾಗಿ ಕೂತಿದ್ದೆವು. ಪಾಪ, ಬೆಚ್ಚಿಬಿದ್ದ.

ರೈಲು ಸರಿಯಾದ ಹೊತ್ತಿಗೆ ಹೊರಟಿತು. ಹಸಿರು ಗದ್ದೆ, ಕುರಿ, ಮತ್ತೆ ಗದ್ದೆ, ಮತ್ತೆ ಕುರಿ. ಅಮ್ಮ ಜಪಮಣಿ ಹಿಡಿದು ತೂಕಡಿಸಿದರು. ಯಾರ್ಕ್ ಹತ್ತಿರ ಬಂದಾಗ ಬೋಗಿ ಬದಲಿಸಬೇಕೆಂಬ ಗುಟ್ಟನ್ನು ಮೆಲ್ಲನೆ ಹೇಳಿದೆ. ನಡುದಾರಿಯಲ್ಲಿ ಯಾರ ಯಾರದೋ ಪೆಟ್ಟಿಗೆಗಳು ತುಂಬಿ, ಒಳಗಿನಿಂದ ಹೋಗುವುದು ಕಷ್ಟವಿತ್ತು. ಯಾರೂ ಅಲ್ಲಾಡಬೇಡಿ, ಯಾರೂ ಇಳಿಯಬೇಡಿ, ಇದು ನಮ್ಮೂರಿನ ರೈಲಲ್ಲ, ಕಾಯುವುದಿಲ್ಲ ಎಂದು ಬಾಪ್ಪುವನ್ನು ನೋಡಿಯೇ ಹೇಳಿದೆ. ಆಮೇಲೆ, ಆ ಬೋಗಿಯಲ್ಲಿ ಪೆಟ್ಟಿಗೆ ಇಡಲು ಜಾಗವಿದೆಯೇ ನೋಡಿಬರುತ್ತೇನೆಂದು ನಾನು ಇಳಿದೆ.

ಹೌದು, ನಾನೇ.

ಪ್ಲ್ಯಾಟ್‌ಫಾರ್ಮಿನ ಮೇಲೆ ಓಡಿದೆ. ಬೋಗಿಯ ಅಕ್ಷರ ಹುಡುಕಿದೆ, ಕಿಟಕಿಯಲ್ಲಿ ಇಣುಕಿದೆ, ಜಾಗ ಇತ್ತು, ಖುಷಿಯಾಯಿತು. ಹತ್ತೋಣವೆಂದು ಬಾಗಿಲಿನ ಗುಂಡಿ ಒತ್ತಿದೆ. ಗುಂಡಿಯ ದೀಪ ಆರಿತ್ತು, ಬಾಗಿಲು ತೆರೆಯಲಿಲ್ಲ. ಸಮವಸ್ತ್ರದ ಹೆಂಗಸೊಬ್ಬಳು ದೂರದಿಂದ ಹಿಂದೆ ಸರಿಯಿರಿ ಎಂದು ಕೈ ಮಾಡಿದಳು. ನನ್ನ ಐದು ಜನರ ಯಾತ್ರೆಯ ನಾಲ್ಕು ಜನ ನನ್ನೆದುರಿಗೇ ಮೆಲ್ಲನೆ ಚಲಿಸಿದರು. ಕಿಟಕಿಯಲ್ಲಿ ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ಯಾಕೋ ಗೊತ್ತಿಲ್ಲ, ಟಾಟಾ ಮಾಡಿದೆ.

ಎಲ್ಲರ ಟಿಕೆಟೂ ನನ್ನ ಫೋನಿನಲ್ಲಿ. ನನ್ನ ಕೋಟು ರೈಲಿನಲ್ಲಿ. ಬಹರೈನಿನ ಬೇಸಿಗೆಗೆ ಹೊಲಿಸಿದ ಅರ್ಧ ತೋಳಿನ ಅಂಗಿಯಲ್ಲಿ ಆ ಗಾಳಿಗೆ ನಡುಗುತ್ತ ಹೆಂಡತಿಗೆ ಫೋನ್ ಮಾಡಿದೆ. ಟಿಕೆಟುಗಳ ಫೋಟೋ ಕಳಿಸುತ್ತೇನೆ, ನೀವು ಮುಂದುವರಿಯಿರಿ, ನಾನು ಮುಂದಿನ ರೈಲಿನಲ್ಲಿ ಬರುತ್ತೇನೆ ಎಂದೆ. ಆ ಕಡೆ ಫೋನು ಕೈ ಬದಲಾಯಿತು. ಬಾಪ್ಪು.

"ಮುಂದೆ ಡಾರ್ಲಿಂಗ್ಟನ್ ಅಂತ ಉಂಟಂತೆ. ನಾವು ಅಲ್ಲಿ ಇಳೀತೇವೆ. ನೀನು ಹಿಂದಿನ ಗಾಡಿ ಹತ್ತು."

ಇಳಿದರೆ ಟಿಕೆಟ್ ಸಾಯುತ್ತದೆ, ಐದು ಜನಕ್ಕೂ ಹೊಸದು ತೆಗೆಯಬೇಕಾಗುತ್ತದೆ, ಅದು ಬಂಗಾರದ ಬೆಲೆ, ಮೇಲಾಗಿ ರೋಸ್‌ಗೆ ತಡವಾಗುತ್ತದೆ ಎಂದು ನಾನು ಲೆಕ್ಕ ಒಪ್ಪಿಸುತ್ತಲೇ ಇದ್ದೆ. ಬಾಪ್ಪು ಫೋನ್ ಇಟ್ಟಾಗಿತ್ತು.

ನಂತರದ ರೈಲಿನ ಟಿಕೆಟ್ ಪರೀಕ್ಷಕ ನನ್ನ ಕಥೆ ಕೇಳಿ, ನನ್ನ ತೋಳುಗಳನ್ನು ನೋಡಿ, ಕನಿಕರದಿಂದ ಬಿಟ್ಟ. ಡಾರ್ಲಿಂಗ್ಟನ್ ಬಂದಾಗ ಬಾಗಿಲಲ್ಲೇ ನಿಂತಿದ್ದೆ. ಪ್ಲ್ಯಾಟ್‌ಫಾರ್ಮಿನ ಬೆಂಚಿನ ಮೇಲೆ ಅಮ್ಮ, ಹೆಂಡತಿ, ಮಗಳು. ಪೆಟ್ಟಿಗೆಗಳ ಸಾಲು. ಬಾಪ್ಪು ಮಾತ್ರ ನಿಂತಿದ್ದರು, ನನ್ನ ಕೋಟನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡು. ಬೈಗುಳಕ್ಕೆ ನಾನು ಸಿದ್ಧನಾಗಿಯೇ ಇಳಿದಿದ್ದೆ. ಅವರು ಕೋಟಿನ ತೋಳಿನೊಳಗೆ ನನ್ನ ಕೈ ತೂರಿಸಿ, ಗುಂಡಿ ಹಾಕಿದರು.

"ನೀವ್ಯಾಕೆ ಇಳಿದ್ರಿ ಬಾಪ್ಪು? ಅಲ್ಲಿ ಅವಳು ಕಾಯ್ತಾ ಇರ್ತಾಳೆ."

"ನಿನ್ನನ್ನು ಬಿಟ್ಟು ಹೋದ್ರೆ ಅವಳು ಮೊದಲು ಎಂತ ಕೇಳ್ತಾಳೆ? ಅಣ್ಣ ಎಲ್ಲಿ ಅಂತ. ನಾನೆಂತ ಹೇಳ್ಲಿ? ಯಾರ್ಕ್‌ನಲ್ಲಿ ಇಟ್ಟು ಬಂದೆ ಅಂತ ಹೇಳ್ಲಿಕ್ಕೆ ಆಗ್ತದಾ?"

ಹೊಸ ಟಿಕೆಟ್ ತೆಗೆದೆ. ಕಂಬಕ್ಕೆ ಗುದ್ದಿದರೂ ವ್ಯಾನೇ ಅಗ್ಗವಾಗುತ್ತಿತ್ತು. ಸೀಟೂ ಸಿಗಲಿಲ್ಲ. ಒಬ್ಬ ಪುಣ್ಯಾತ್ಮ ಎದ್ದು ಅಮ್ಮನಿಗೆ ಜಾಗ ಕೊಟ್ಟ. ಉಳಿದವರು ಬಾಗಿಲ ಬಳಿ ಪೆಟ್ಟಿಗೆಗಳ ಮೇಲೆ ಕೂತೆವು. ಮದುಮಗಳ ತಂದೆ ಸ್ಕಾಟ್ಲೆಂಡನ್ನು ಪ್ರವೇಶಿಸಿದ್ದು ಶೌಚಾಲಯದ ಬಾಗಿಲಿಗೆ ಒರಗಿಕೊಂಡು.

ಎಡಿನ್‌ಬರೋದ ಇಗರ್ಜಿಯ ಹಾಲ್ ತಲುಪುವಾಗ ನೆಂಟರೆಲ್ಲ ಬಂದು ಕೂತಾಗಿತ್ತು. ಅಪ್ಪ ಬರದೆ ಶುರುಮಾಡುವುದಿಲ್ಲ ಎಂದು ಮದುಮಗಳು ಹಠ ಹಿಡಿದಿದ್ದಳಂತೆ. ಮೌಶಿ ತೆಂಗಿನ ಹಾಲಿನ ಡಬ್ಬಿಗಳನ್ನು ಒಡೆದು ಪಾತ್ರೆಗೆ ಸುರಿದು ಕಾಯುತ್ತಿದ್ದರು. ಅವಳು ಕುರ್ಚಿಯ ಮೇಲೆ ಕೂತಳು. ಬಾಪ್ಪು ಅಂಗಿಯ ತೋಳು ಮಡಚಿ, ಬೊಗಸೆಯಲ್ಲಿ ಹಾಲು ತೆಗೆದು ಮಗಳ ತಲೆಗೆ ಹಾಕಿ ಸವರಿದರು. ಅವಳು ಅತ್ತಳು, ಮೌಶಿ ಅತ್ತರು. ನಾನು ಪಕ್ಕದಲ್ಲಿ ಪಾತ್ರೆ ಹಿಡಿದು ನಿಂತಿದ್ದೆ, ಅಣ್ಣನ ಕೆಲಸ ಅದು.

ಮೌಶಿಗೆ ಜಾಗ ಬಿಡಬೇಕಾದ ಬಾಪ್ಪು ಅಲ್ಲೇ ನಿಂತರು. ಮತ್ತೊಮ್ಮೆ ಪಾತ್ರೆಗೆ ಕೈ ಹಾಕಿದರು. ನಾನು ಏನೆಂದು ನೋಡುವುದರೊಳಗೆ ಅವರ ಒದ್ದೆ ಕೈ ನನ್ನ ಕೂದಲಿಲ್ಲದ ತಲೆಯ ಮೇಲಿತ್ತು. ಹಾಲು ಹಣೆಯಿಂದ ಕನ್ನಡಕಕ್ಕೆ ಇಳಿಯಿತು. ಹಾಲ್ ಇಡೀ ನಕ್ಕಿತು. ನಾನೂ ನಗುತ್ತ, ನನ್ನ ಮದುವೆಯಾಗಿ ಇಪ್ಪತ್ತು ವರ್ಷವಾಯಿತಲ್ಲ ಬಾಪ್ಪು, ಎಂದೆ.

"ಗೊತ್ತುಂಟು" ಎಂದರು. ಅವರು ನಗುತ್ತಿರಲಿಲ್ಲ. "ಆಗ ನಿನ್ನಪ್ಪ ಇರ್ಲಿಲ್ಲ. ಅವನ ಜಾಗದಲ್ಲಿ ನಾನು ಹಾಕ್ಬೇಕಿತ್ತು. ಊರಿಗೆ ಬರ್ಲಿಕ್ಕೆ ನನಗೆ ರಜೆ ಸಿಗ್ಲಿಲ್ಲ."

ಪಾತ್ರೆ ಹಿಡಿದಿದ್ದರಿಂದ ನನಗೆ ಕಣ್ಣೊರೆಸಿಕೊಳ್ಳಲು ಕೈ ಇರಲಿಲ್ಲ. ಬಾಪ್ಪು ತಮ್ಮ ಹೊಸ ಅಂಗಿಯ ತೋಳಿನಿಂದಲೇ ನನ್ನ ಕನ್ನಡಕ ಒರೆಸಿ, ಮತ್ತೆ ಮೂಗಿನ ಮೇಲೆ ಸರಿಯಾಗಿ ಕೂರಿಸಿದರು.