ಐದರ ಬಸ್ಸಿಗಾಗಿ ಬಿಟ್ಟುಬಂದ ಕ್ಲೈಮ್ಯಾಕ್ಸ್

ಸಿನಿಮಾ ಹುಚ್ಚಿದ್ದವರ ಮನೆಯಲ್ಲಿ ಪರದೆಯ ಮೇಲೆ ನಡೆಯುವುದಕ್ಕಿಂತ ಪರದೆಯ ಈಚೆ ನಡೆಯುವುದೇ ಹೆಚ್ಚು. ನಾನು ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವನು. ಗಣಿತದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಸಿನಿಮಾ ವಿಷಯದಲ್ಲಿ ಕೇಳದಿದ್ದರೂ ಹೇಳುತ್ತೇನೆ. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಬರೀ ಸದ್ದು ಎಂಬುದು ನನ್ನ ಖಚಿತ ಮತ. ಈಚೆಗೆ ಅದು ಕೊಂಚ ಅಲುಗಾಡಿದೆ.

೧. ಬಸ್ಸಿನಲ್ಲಿ ಮುಗಿಯುತ್ತಿದ್ದ ಕಥೆ

ನಮ್ಮ ಹಳ್ಳಿ ಮಸ್ಕಿಯಿಂದ ಒಳಗೆ ಆರು ಮೈಲಿ. ಸಿನಿಮಾ ನೋಡಬೇಕೆಂದರೆ ಸಿಂಧನೂರಿನ ಟಾಕೀಸಿಗೇ ಹೋಗಬೇಕು, ಅದೂ ಮ್ಯಾಟಿನಿಗೆ. ಆಗ ನಮ್ಮೂರಿಗಿದ್ದದ್ದು ಒಂದೇ ಬಸ್ಸು. ಅದು ಸಿಂಧನೂರು ಬಿಡುತ್ತಿದ್ದದ್ದು ಐದು ಗಂಟೆಗೆ, ಸಿನಿಮಾ ಬಿಡುತ್ತಿದ್ದದ್ದು ಐದೂ ಇಪ್ಪತ್ತಕ್ಕೆ. ಹೀಗಾಗಿ ಐದಕ್ಕೆ ಹತ್ತು ನಿಮಿಷ ಇರುವಾಗ, ಪರದೆಯ ಮೇಲೆ ಯಾರ ಪ್ರಾಣ ಹೋಗುತ್ತಿದ್ದರೂ ಸರಿ, ನಮ್ಮೂರಿನವರೆಲ್ಲ ಎದ್ದು ಹೊರಡುತ್ತಿದ್ದರು. ನಾನು ಬಾಲ್ಯದಲ್ಲಿ ನೋಡಿದ ಸಿನಿಮಾಗಳೆಲ್ಲ ಹೀಗೆಯೇ.

ಉಳಿದ ಕಥೆ ಬಸ್ಸಿನಲ್ಲಿ ನಡೆಯುತ್ತಿತ್ತು.

"ಅಕಿ ಸಾಯ್ತಾಳ ಬಿಡು."

"ಯಾಕ ಸಾಯ್ತಾಳ? ಸಣ್ಣ ಸಣ್ಣ ಮಕ್ಕಳದಾವ ಅಕಿಗೆ."

ವಾದ ಏರುತ್ತಾ ಹೋಗುತ್ತಿತ್ತು. ಕಡೆಗೆ ಕಂಡಕ್ಟರ್ ಸಾಹೇಬರೇ ನಡುವೆ ಬರಬೇಕು: "ಮಸ್ಕಿ ಬರೂದರಾಗ ಎಲ್ಲಾರೂ ಒಂದು ಮಾತಿಗೆ ಬರ್ರಿ. ಅಲ್ಲಿ ಹೊಸಾ ಮಂದಿ ಹತ್ತತೈತಿ, ಮತ್ತ ಮೊದಲಿಂದ ಹೇಳಬೇಕಾಗ್ತೈತಿ."

೨. ಅವ್ವನ ಒಂದೇ ಸಿನಿಮಾ

ನಮ್ಮವ್ವ ಟಾಕೀಸಿನಲ್ಲಿ ನೋಡಿದ್ದು ಒಂದೇ ಸಿನಿಮಾ. ಮದುವೆಯಾದ ಹೊಸತರಲ್ಲಿ ಅಪ್ಪ ಕರೆದುಕೊಂಡು ಹೋಗಿದ್ದ. ಜೊತೆಗೆ ಅವ್ವನ ತಮ್ಮ, ನನ್ನ ಸೋದರಮಾವ.

ಕಥೆ ಇಷ್ಟು. ರೈಲಿನಲ್ಲಿ ಒಬ್ಬ ತಾಯಿ ಐದು ವರ್ಷದ ಮಗನನ್ನು ಕಳೆದುಕೊಳ್ಳುತ್ತಾಳೆ. ಒಬ್ಬ ಸಾಹುಕಾರ ಆ ಹುಡುಗನನ್ನು ಸಾಕಿ ಓದಿಸುತ್ತಾನೆ, ಹುಡುಗ ಜಡ್ಜ್ ಆಗುತ್ತಾನೆ. ಮುಂದೊಂದು ದಿನ ಕಳ್ಳತನದ ಸುಳ್ಳು ಆರೋಪ ಹೊತ್ತ ತಾಯಿ ಅವನೆದುರೇ ಕಟಕಟೆಯಲ್ಲಿ ನಿಲ್ಲುತ್ತಾಳೆ. ಅವಳ ಮುಖ ನೋಡಿದ ಜಡ್ಜ್ ಮೆಲ್ಲಗೆ ಕುರ್ಚಿಯಿಂದ ಏಳುತ್ತಾನೆ. ಆಗ ಐದಕ್ಕೆ ಹತ್ತು ನಿಮಿಷ. ಅಪ್ಪನೂ ಎದ್ದ.

"ನಡಿ, ಬಸ್ ಹೋಗ್ತೈತಿ. ಮುಂದಿನ ವಾರ ಬಂದು ಪೂರಾ ನೋಡೂಣು."

ಮುಂದಿನ ವಾರ ಸಿನಿಮಾ ಬದಲಾಗಿತ್ತು. ಈಗ ಅಪ್ಪನೂ ಇಲ್ಲ. ಮಗ ತಾಯಿಯ ಗುರುತು ಹಿಡಿದನೋ ಇಲ್ಲವೋ ಎಂಬುದು ಐವತ್ತು ವರ್ಷದಿಂದ ಅವ್ವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಓಣಿಯ ಹೆಂಗಸರಿಗೆ ಮಾತ್ರ ಆಕೆ ಕಥೆಯನ್ನು ಪೂರ್ತಿಯಾಗಿಯೇ ಹೇಳುತ್ತಿದ್ದಳು: ಜಡ್ಜ್ ಕೆಳಗಿಳಿದು ಬಂದು, ತಾಯಿಯ ಕೈಯಲ್ಲಿದ್ದ ಬುತ್ತಿ ಬಿಚ್ಚಿ, ರೊಟ್ಟಿ ಪುಂಡಿಪಲ್ಯ ಬಾಯಿಗಿಟ್ಟು, "ಇದು ನಮ್ಮವ್ವನ ಕೈ ರುಚಿ" ಎಂದು ಅಳುತ್ತಾನೆ.

ಮಾವನಿಗೆ ಮಾತ್ರ ಹಿಡಿಸಿದ್ದು ಆ ಸಾಹುಕಾರ. ಪರರ ಮಗನನ್ನು ಸಾಕಿದ ಪುಣ್ಯಾತ್ಮನೆಂದು ತನ್ನ ಮಗನಿಗೆ ಅವನ ಹೆಸರನ್ನೇ ಇಟ್ಟ. ಅದರಲ್ಲೇನೂ ತಪ್ಪಿಲ್ಲ. ಐದಕ್ಕೆ ಹತ್ತು ನಿಮಿಷದವರೆಗೆ ಆ ಸಿನಿಮಾದಲ್ಲಿ ಅವನಷ್ಟು ಒಳ್ಳೆಯವರು ಇನ್ನೊಬ್ಬರಿರಲಿಲ್ಲ.

೩. ಹೊಸ ಸಿನಿಮಾದ ಕಡೆ

ನೌಕರಿ ಸಿಕ್ಕ ಮೇಲೆ ನಾನು ಮೊದಲು ಕೊಂಡದ್ದು ಬೈಕು. ಕೇಳಿದವರಿಗೆಲ್ಲ ಶಾಲೆ ದೂರ ಅಂದೆ. ನಿಜವಾದ ಕಾರಣ ಕ್ಲೈಮ್ಯಾಕ್ಸ್.

ಈಚೆಗೆ ಒಂದು ಹೊಸ ಸಿನಿಮಾಕ್ಕೆ ಹಟ್ಟಿ ಗಣಿಯಲ್ಲಿ ಕೆಲಸ ಮಾಡುವ ಗೆಳೆಯನನ್ನು ಕರೆದುಕೊಂಡು ಹೋದೆ. ಪಾಪ, ಅವನು ಶಿಫ್ಟಿಗೆ ರಜೆ ಹಾಕಿ ಬಂದಿದ್ದ. ಮೂರು ಗಂಟೆ ಹೊಡೆದಾಟ. ಕಡೆಗೆ ನಾಯಕ ಕತ್ತಿ ಎತ್ತಿದ. ಪರದೆ ಕಪ್ಪಾಯಿತು.

"ಕರೆಂಟ್ ಹೋತೇನ್ರೀ ಸರ?" ಅಂದ ಗೆಳೆಯ.

"ಇಲ್ಲ, ಸಿನಿಮಾನ ಮುಗೀತು. ಉಳಿದಿದ್ದು ಎರಡನೇ ಭಾಗದಾಗಂತ. ಎರಡು ವರ್ಷ ಹಿಡೀಬಹುದು."

ಅವನು ಕುರ್ಚಿ ಬಿಟ್ಟು ಏಳಲಿಲ್ಲ. "ಅಲ್ರೀ ಸರ, ನಾವು ಅರ್ಧಾ ಅದಿರು ಮ್ಯಾಲ ಕಳಿಸಿ, ಉಳಿದಿದ್ದು ಎರಡು ವರ್ಷ ಬಿಟ್ಟು ಕಳಸ್ತೀವಿ ಅಂದ್ರ ನಮ್ಮನ್ನ ಕೆಲಸಕ್ಕ ಇಟ್ಕೋತಾರೇನ್ರೀ?"

೪. ಬೆರಳೆಣಿಕೆ

ಆ ಸಿಟ್ಟಿನಲ್ಲಿ ಮನೆಗೆ ಬಂದು, ಡಿಗ್ರಿ ಓದುವ ಮಗಳ ಮುಂದೆ ಭಾಷಣ ಮಾಡಿದೆ. "ಮುಗಿಸೂದು ಅಂದ್ರ ಹಳೇ ಸಿನಿಮಾದವರು ಮುಗಿಸಬೇಕವ್ವಾ. ಏನು ಕ್ಲೈಮ್ಯಾಕ್ಸು, ಏನು ಕಥಿ."

"ಅಪ್ಪಾ, ನೀ ಸಣ್ಣಾಂವಿದ್ದಾಗ ಯಾವ ಸಿನಿಮಾ ಮುಗಿಯೂತನಕ ನೋಡೀದಿ?"

ಎಣಿಸಲು ಬೆರಳು ಎತ್ತಿದೆ. ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. ಇಷ್ಟು ವರ್ಷ ನಾನು ಹೊಗಳಿದ್ದು ಬಸ್ಸಿನವರು ಕಟ್ಟಿದ ಕ್ಲೈಮ್ಯಾಕ್ಸುಗಳನ್ನು.

ಅವಳೇ ಸುದ್ದಿ ತಂದಳು. ಅವ್ವನ ಆ ಸಿನಿಮಾವನ್ನು ಸಿಂಧನೂರಿನಲ್ಲಿ ಒಂದು ವಾರ ಮತ್ತೆ ಹಾಕುತ್ತಾರಂತೆ, ಮ್ಯಾಟಿನಿಗೆ. "ಅಜ್ಜಿ, ಅಲ್ಲೀತನಕ ಯಾಕ? ಫೋನ್‌ನಾಗ ಹುಡುಕಿ ಈಗ ತೋರಸ್ತೀನಿ."

"ಬ್ಯಾಡವಾ," ಅಂದಳು ಅವ್ವ. "ಅದನ್ನ ಅಲ್ಲಿ ಬಿಟ್ಟು ಬಂದೀನಿ. ಅಲ್ಲೇ ಹೋಗಿ ನೋಡ್ತೀನಿ."

೫. ಮತ್ತೆ ಐದಕ್ಕೆ ಹತ್ತು ನಿಮಿಷ

ಕಾರಿನಲ್ಲಿ ಹೋದೆವು. ಅವ್ವ, ಮಗಳು, ನಾನು, ಮಾವ, ಸಾಹುಕಾರನ ಹೆಸರು ಹೊತ್ತ ಮಾವನ ಮಗ. ಆತ ಈಗ ನಮ್ಮೂರ ಪಂಚಾಯ್ತಿ ಸದಸ್ಯ. ಹಾಲ್‌ನಲ್ಲಿ ನಮ್ಮ ಕಡೆಯ ನರೆಗೂದಲಿನವರೇ ತುಂಬಿದ್ದರು. ಐವತ್ತು ವರ್ಷದ ಬಾಕಿ ಅವ್ವನೊಬ್ಬಳದೇ ಅಲ್ಲ ಅಂದುಕೊಂಡೆ.

ತಾಯಿ ಕಟಕಟೆಯಲ್ಲಿ ನಿಂತಳು. ಜಡ್ಜ್ ಮೆಲ್ಲಗೆ ಎದ್ದ. ಅವ್ವನೂ ಎದ್ದಳು. ಸೆರಗು ಸರಿಮಾಡಿಕೊಂಡು ಕಾಲಲ್ಲಿ ಚಪ್ಪಲಿ ಹುಡುಕತೊಡಗಿದಳು. ಮಾವನೂ ಎದ್ದ. ತಿರುಗಿ ನೋಡಿದರೆ ಅರ್ಧ ಟಾಕೀಸು ಎದ್ದು ನಿಂತಿದೆ.

"ಕುಂಡ್ರ್ರೀ, ಏನೂ ಕಾಣವಲ್ದು," ಎಂದು ಹಿಂದಿನ ಹುಡುಗರು ಕೂಗಿದರು.

ನನ್ನ ಆಚೆ ಕುಳಿತಿದ್ದ ಮಗಳು ಬಗ್ಗಿ ಅಜ್ಜಿಯ ಕೈ ಹಿಡಿದು ಜಗ್ಗಿದಳು. "ಅಜ್ಜಿ, ಬಸ್ಸಿಲ್ಲ. ಕಾರಿನಾಗ ಬಂದೀವಿ."

ಅವ್ವ ಕುಳಿತಳು. ಉಳಿದವರೂ ಒಬ್ಬರನ್ನೊಬ್ಬರು ನೋಡಿ ನಾಚಿ ಕುಳಿತರು.

ಮೊದಲು ಸಿಕ್ಕಿಬಿದ್ದವನು ಸಾಹುಕಾರ. ರೈಲಿನಲ್ಲಿ ಹುಡುಗನನ್ನು ಕದ್ದವನು ಅವನೇ. ಪೊಲೀಸರು ಅವನಿಗೆ ಕೋಳ ಹಾಕುವಾಗ ಮಾವನ ಮಗ ಮೆಲ್ಲಗೆ ಕೇಳಿದ: "ಅಪ್ಪಾ, ನನಗ ಇವನ ಹೆಸರು ಇಟ್ಟೀಯೇನು?"

ಮಾವ ಪರದೆಯಿಂದ ಕಣ್ಣು ಕೀಳಲಿಲ್ಲ. "ನೀ ಅರಾಮ ಕುಂಡ್ರು. ನಿನಗಿಟ್ಟಿದ್ದು ಐದರ ಬಸ್ಸಿಗಿಂತ ಮೊದಲಿನ ಹೆಸರು."

ಆಮೇಲೆ ಜಡ್ಜ್ ಕೆಳಗಿಳಿದು ಬಂದು "ಅಮ್ಮಾ" ಎಂದು ತಾಯಿಯನ್ನು ಅಪ್ಪಿಕೊಂಡ. ಅವ್ವನ ಒಂದು ಪಕ್ಕ ನಾನಿದ್ದೆ, ಇನ್ನೊಂದು ಪಕ್ಕದ ಕುರ್ಚಿ ಖಾಲಿ. ಅವ್ವ ಆ ಖಾಲಿ ಕುರ್ಚಿಯ ಕಡೆಗೆ ತಿರುಗಿ, "ಗುರುತು ಹಿಡದ ನೋಡ್ರಿ," ಅಂದಳು. ನನಗೆ ಮುಂದಿನ ಎರಡು ನಿಮಿಷ ಪರದೆ ಕಾಣಲಿಲ್ಲ.

ಮರುದಿನ ಓಣಿಯ ಹೆಂಗಸರು ಕಟ್ಟೆಯ ಮೇಲೆ ಸೇರಿದರು. ಅವ್ವ ಕಥೆ ಹೇಳತೊಡಗಿದಳು. ಜಡ್ಜ್ ಎದ್ದ, ಕೆಳಗಿಳಿದ, ತಾಯಿಯನ್ನು ಅಪ್ಪಿಕೊಂಡ, ಬುತ್ತಿ ಬಿಚ್ಚಿ ರೊಟ್ಟಿ ಪುಂಡಿಪಲ್ಯ ತಿಂದ.

ನನಗೆ ತಡೆಯಲಾಗಲಿಲ್ಲ. "ಅವ್ವಾ, ಅದರಾಗ ಬುತ್ತಿ ಎಲ್ಲಿತ್ತು?"

"ಅಷ್ಟು ವರ್ಷಕ್ಕ ಸಿಕ್ಕ ಮಗಗ ಉಣ್ಣಾಕ ಹಾಕಬೇಕೋ ಬ್ಯಾಡೋ?" ಅಂದಳು ಅವ್ವ. "ಅವರು ಲಗೂನ ಮುಗಿಸ್ಯಾರ. ಅವರಿಗೂ ಬಸ್ಸಿಗೆ ಹೊತ್ತಾಗಿರಬೇಕು."