ಹೇಳಿದವರೇ ಮಾಡಬೇಕು

ಎಲ್ಲದಕ್ಕೂ ಮೂಲ ಒಂದು ಬಚ್ಚಲ ಬಾಗಿಲು. ಅದರ ಕೀಲುಗಳು ತುಕ್ಕು ಹಿಡಿದು ಉದುರಿ ಯಾವ ಕಾಲವಾಯಿತೋ! ಅಂದಿನಿಂದ ಆ ಮನೆಯಲ್ಲಿ ಸ್ನಾನಕ್ಕೆ ಹೋದವರು ಬಾಗಿಲನ್ನು ಚೌಕಟ್ಟಿಗೆ ಒರಗಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೀರು ಹಾಕಿಕೊಳ್ಳಬೇಕಿತ್ತು. ಒಳಗೆ ಜನ ಇದ್ದಾರೆ ಅನ್ನುವ ಗುರುತಿಗೆ ಜೋರಾಗಿ ಹಾಡುತ್ತಲೂ ಇರಬೇಕಿತ್ತು. ಹಾಡು ನಿಂತಿತೋ, ಹೊರಗಿದ್ದವರು ಬಾಗಿಲು ಎತ್ತುತ್ತಿದ್ದರು.

ಮನೆಯ ಯಜಮಾನರಿಗೆ ಬಾಗಿಲು ಕೂರಿಸಲು ಬರುವುದಿಲ್ಲವೆಂದೇನಲ್ಲ. ಪುರಸೊತ್ತಿಲ್ಲ. ವಾರವೆಲ್ಲ ಅಂಚೆ ಕಚೇರಿ, ಭಾನುವಾರ ರೈಲು ದಾರಿ. ರೈಲು ನಿಂತು, ಹಳಿ ಕಿತ್ತುಕೊಂಡು ಹೋದ ಮೇಲೆ ಮುಳ್ಳುಪೊದೆ ಬೆಳೆದು ಹಾಳು ಬಿದ್ದಿದ್ದ ಹಳೇ ಮಾರ್ಗವನ್ನು ಬಡಾವಣೆಯ ಒಂದಷ್ಟು ಜನ ಸೇರಿ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿ ಮಾಡಿದ್ದರು. ಪ್ರತಿ ಭಾನುವಾರ ಗುದ್ದಲಿ, ಸನಿಕೆ ಹಿಡಿದು ಅದನ್ನು ನೋಡಿಕೊಳ್ಳುತ್ತಿದ್ದರು, ಸ್ವಲ್ಪಸ್ವಲ್ಪವೇ ಮುಂದಕ್ಕೂ ಎಳೆಯುತ್ತಿದ್ದರು. ಬಳಗಕ್ಕೆ ಇದ್ದದ್ದು ಒಂದೇ ಕಾನೂನು, ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಮಾಡಿದ್ದು: ಹೇಳಿದವರೇ ಮಾಡಬೇಕು. "ಇಲ್ಲೊಂದು ಗುಂಡಿ ಬಿದ್ದಿದೆ" ಅಂದಿರೋ, ಮುಚ್ಚುವುದು ನೀವೇ. ಈ ಕಾನೂನು ಬಂದಮೇಲೆ ಎಲ್ಲರ ಬಾಯಿಗೂ ಬೀಗ ಬಿತ್ತು, ಒಬ್ಬರನ್ನು ಬಿಟ್ಟು.

ಆ ಒಬ್ಬರೇ ನಮ್ಮ ಅಂಚೆ ಕಚೇರಿಯ ಯಜಮಾನರು. ಯಾರು ಏನೇ ಮಾಡಲಿ, "ಎಲ್ಲಾ ಸರಿ, ಆದರೆ..." ಅಂತ ರಾಗ ಎಳೆಯದಿದ್ದರೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಅದಕ್ಕೇ ಜನ ಅವರನ್ನು ಆದರೆರಾಯರು ಅಂತಲೇ ಕರೆಯುತ್ತಿದ್ದರು. ಬೆಂಚಿಗೆ ಬಣ್ಣ ಬಳಿಯುವುದು, ಚರಂಡಿ ಬಳಿಯುವುದು, ಸೇತುವೆಯ ಕಟಕಟೆ ಬಿಗಿ ಮಾಡುವುದು, ಎಲ್ಲವೂ ಆ ಒಂದು "ಆದರೆ"ಯಿಂದ ಅವರ ತಲೆಗೇ ಗಂಟು ಬಿದ್ದಿದ್ದವು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಹೊಸಲಿಗೆ ಅಡ್ಡ ನಿಂತರು.

"ರೀ, ಸಂಜೆ ನಮ್ಮಕ್ಕ ಬರ್ತಾಳೆ. ಅವಳು ಬಂದು ಬಾಗಿಲು ಹಿಡ್ಕೊಂಡು ಹಾಡಬೇಕಾ? ಆ ದಾರಿ ಬೇಕೋ, ಈ ಮನೆ ಬೇಕೋ, ಇವತ್ತೇ ತೀರ್ಮಾನ ಮಾಡ್ಬಿಡಿ. ಬಾಗಿಲು ನಿಲ್ಲಲಿಲ್ಲ ಅಂದ್ರೆ ನಾನೂ ಅಕ್ಕನ ಹಿಂದೆ ಹೊರಟೆ."

"ಇಲ್ಲ ಕಣೇ, ಇವತ್ತೇ ಕೊನೆ. ಬರ್ತಾ ಕೀಲು ತಗೊಂಡು, ಮಧ್ಯಾಹ್ನಕ್ಕೆ ಮನೇಲಿರ್ತೀನಿ. ಮುಂದಿನ ವಾರದಿಂದ ಬರಲ್ಲ ಅಂತ ಅವರಿಗೆ ಹೇಳಿಬಿಡ್ತೀನಿ."

"ಹೇಳೋಕೆ ಹೋಗಬೇಡಿ! ನೀವು ಬಾಯಿ ತೆಗೆದ್ರೆ ಇನ್ನೊಂದು ಕೆಲಸ ಹುಟ್ಟುತ್ತೆ. ತುಟಿ ಪಿಟಕ್ ಅನ್ನದೆ ಇದ್ದು ಬನ್ನಿ."

ಮಾತು ಸರಿಯೆನಿಸಿತು. ಅಂಗಡಿ ಭಾನುವಾರ ಬೇಗ ಮುಚ್ಚುತ್ತದೆಂದು ದಾರಿಯಲ್ಲೇ ಎರಡು ಕೀಲು, ಒಂದು ಹಿಡಿ ಸ್ಕ್ರೂ ಕೊಂಡು ಪ್ಯಾಂಟಿನ ಜೇಬಿಗೆ ಹಾಕಿ, ಹಲ್ಲು ಕಚ್ಚಿ ಹೊರಟರು. ಗೆದ್ದೆ ಅನ್ನುವ ನಡಿಗೆ ಅವರದು.

ಅಂದು ದಾರಿಯನ್ನು ದೊಡ್ಡ ರಸ್ತೆಯವರೆಗೆ ತಂದು ಮುಟ್ಟಿಸಿ, ತುದಿಗೊಂದು ಸೊಂಟದೆತ್ತರದ ಮರದ ಗೇಟು ನಿಲ್ಲಿಸುವ ದಿನ. ನಿವೃತ್ತ ಬಸ್ ಡ್ರೈವರು ಜಲ್ಲಿಯನ್ನೆಲ್ಲ ಒಂದೇ ಕಡೆ ಸುರಿದು ಗುಡ್ಡೆ ಮಾಡುತ್ತಿದ್ದರು. ರಾಯರ ನಾಲಿಗೆ ತುರಿಸಿತು. ಸುಮ್ಮನಿದ್ದರು. ಲೈಬ್ರರಿ ಮೇಡಂ ಗಿಡ ಯಾವುದು ಕಳೆ ಯಾವುದು ನೋಡದೆ ಎಲ್ಲವನ್ನೂ ಕಿತ್ತು ಎಸೆಯುತ್ತಿದ್ದರು. ಅದಕ್ಕೂ ಸುಮ್ಮನಿದ್ದರು.

ಡಾಕ್ಟರು ಹತ್ತಿರ ಬಂದರು. "ರಾಯರೇ, ಆ ಮುಳ್ಳುಪೊದೆ ಕಡಿಯೋಕೆ ನೀವು ಹೋಗ್ತೀರಲ್ಲ?"

ರಾಯರು ಗೋಡೆ ನೋಡಿದಂತೆ ಅವರ ಮುಖ ನೋಡಿದರು.

"ಮೌನಂ ಸಮ್ಮತಿ ಲಕ್ಷಣಂ!" ಎಂದು ಡಾಕ್ಟರು ಕತ್ತಿ ಕೈಗಿತ್ತು ಹೋದರು. ಅಯ್ಯೋ ದೇವರೇ, ಮಾತಾಡಿದರೆ ಒಂದು, ಆಡದಿದ್ದರೆ ಇನ್ನೊಂದು! ರಾಯರು ಮೈಯೆಲ್ಲ ಗೀರಿಸಿಕೊಂಡು ಪೊದೆ ಕಡಿದರು. ಆದರೂ ಬಾಯಿ ಬಿಡಲಿಲ್ಲ. ಹಟಕ್ಕೆ ಬಿದ್ದ ಮೇಲೆ ಮುಗಿಯಿತು.

ಹೊತ್ತು ಏರಿದಂತೆ ಜನಕ್ಕೆ ಗಾಬರಿ ಶುರುವಾಯಿತು. "ಬೆಳಿಗ್ಗೆಯಿಂದ ಒಂದೂ 'ಆದರೆ' ಬಂದಿಲ್ಲ," ಎಂದರು ಲೈಬ್ರರಿ ಮೇಡಂ. "ಏನೋ ಆಗಿದೆ ಇವರಿಗೆ."

"ಹಲ್ಲುನೋವೇ ಇರಬೇಕು, ದವಡೆ ಹೇಗೆ ಬಿಗಿ ಹಿಡಿದಿದ್ದಾರೆ ನೋಡಿ," ಎಂದರು ಡ್ರೈವರು.

ಹಲ್ಲು ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ಡಾಕ್ಟರು ಬಿಡುವವರೇ? ರಾಯರನ್ನು ಬೆಂಚಿನ ಮೇಲೆ ಅಂಗಾತ ಕೆಡವಿದರು. ಡ್ರೈವರು ಭುಜ ಒತ್ತಿ ಹಿಡಿದರು. ಡಾಕ್ಟರು ಬಾಯಿ ಬಿಡಿಸಿ ಎರಡು ಬೆರಳು ತೂರಿಸಿದರು. ಆಗ ರಾಯರು ಒದ್ದಾಡಿದ ಒದ್ದಾಟಕ್ಕೆ ಜೇಬಿನಿಂದ ಎರಡು ಕೀಲು ಠಣ್ ಠಣ್ ಎಂದು ಕೆಳಗೆ ಬಿದ್ದವು.

"ಅರೆ!" ಡ್ರೈವರು ಕುಣಿದಾಡಿದರು. "ಗೇಟು ತಂದು ಕೀಲು ಮರೆತೆವಲ್ಲ ಅಂತ ನಾನು ತಲೆ ಚಚ್ಚಿಕೊಳ್ತಿದ್ದೆ. ಇವರು ಹೇಳದೆ ಕೇಳದೆ ತಂದಿದ್ದಾರೆ ನೋಡಿ! ಮನುಷ್ಯ ಅಂದ್ರೆ ಹೀಗಿರಬೇಕು!"

"ಆ... ಆ... ಆಗಿಲು..." ಎಂದರು ರಾಯರು. ಪ್ರತಿಜ್ಞೆಯೆಲ್ಲ ಗಾಳಿಗೆ ಹೋಗಿತ್ತು. ಆದರೆ ಬಾಯಲ್ಲಿ ಡಾಕ್ಟರ ಬೆರಳಿತ್ತು.

"ಅಲ್ಲಾಡಬೇಡಿ. ದವಡೆ ಹಲ್ಲಲ್ಲಿ ತೂತು ಬಿದ್ದಿದೆ. ಕೀಳಲೇಬೇಕು, ನಾಳೆ ಬನ್ನಿ," ಎಂದರು ಡಾಕ್ಟರು ಬಲು ಪ್ರೀತಿಯಿಂದ.

ರಾಯರು ಬೆಂಚಿನಿಂದ ಏಳುವಷ್ಟರಲ್ಲಿ ಗೇಟು ನಿಂತಾಗಿತ್ತು. ಎಲ್ಲರೂ ಅವರಿಗೆ ಚಪ್ಪಾಳೆ ತಟ್ಟಿದರು. ತಟ್ಟಿದ ಚಪ್ಪಾಳೆಯನ್ನು ನಿಲ್ಲಿಸಿ "ನನ್ನ ಕೀಲು ಕೊಡಿ" ಅನ್ನುವ ಗಂಡೆದೆ ಯಾರಿಗಿದೆ? ಅವರಿಗಂತೂ ಇರಲಿಲ್ಲ. ಸಾಲದ್ದಕ್ಕೆ ಗೇಟು ಹೊರಗೆ, ರಸ್ತೆಯ ಕಡೆಗೆ ತೆರೆಯುತ್ತಿತ್ತು. ತಳ್ಳಿದವರು ನೇರ ವಾಹನಗಳ ಬಾಯಿಗೆ! ರಾಯರಿಗೆ ಕಂಡಿತು. ನಾಲಿಗೆಯ ತುದಿಯವರೆಗೂ "ಆದರೆ" ಬಂತು. ಹೇಳಿದರೆ ಅದನ್ನು ಬಿಚ್ಚಿ ಮತ್ತೆ ಕೂರಿಸುವುದು ತನ್ನ ಪಾಲಿಗೇ. ನುಂಗಿಕೊಂಡರು.

ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು; ಬರಿಗೈಯಲ್ಲಿ ಮನೆಗೆ ಹೋಗಲು ಹೆದರಿ ರಾಯರು ಅಲ್ಲೇ ಉಳಿದರು. ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ರಸ್ತೆಯ ಆಚೆಯಿಂದ ಹೆಂಡತಿ ದಾಪುಗಾಲು ಹಾಕಿಕೊಂಡು ಬಂದರು.

"ಏನ್ರೀ, ಇದೇನಾ ಮಧ್ಯಾಹ್ನ? ಎಲ್ಲಿ ಕೀಲು?"

ರಾಯರು ಗೇಟಿನ ಕಡೆ ಬೆರಳು ತೋರಿಸಿದರು. ಹೆಂಡತಿ ಗೇಟಿನ ಬಳಿ ಹೋದರು, ಕೀಲು ನೋಡಿದರು, ಗೇಟನ್ನು ಒಮ್ಮೆ ತೆರೆದು ಮುಚ್ಚಿದರು. ಈಗ ಬಂತು ನೋಡು ಸಿಡಿಲು ಎಂದು ರಾಯರು ಕಣ್ಣು ಮುಚ್ಚಿಕೊಂಡರು.

"ಯಾವ ಪುಣ್ಯಾತ್ಮರು ಇದನ್ನ ಕೂರಿಸಿದ್ದು?" ಹೆಂಡತಿಯ ದನಿ ಏರಿತು. "ಗೇಟು ರಸ್ತೆಗೆ ತೆರೆಯುತ್ತಲ್ಲ! ಸೈಕಲ್ ಮಕ್ಕಳು ತಳ್ಳಿಕೊಂಡು ಬಂದ್ರೆ ಗತಿ ಏನು? ಒಳಗೆ ತೆರೆಯೋ ಹಾಗೆ ಇರಬೇಕು. ಇಷ್ಟು ಜನ ಇದ್ದೀರಿ, ಒಬ್ಬರಿಗೂ ಹೊಳೀಲಿಲ್ವಾ?"

ಡಾಕ್ಟರು ಮೆಲ್ಲಗೆ ಕೆಮ್ಮಿದರು. "ನೀವು ಹೇಳಿದ್ದು ನಿಜ ತಾಯಿ. ಆದರೆ ನಮ್ಮಲ್ಲಿ ಒಂದು ಕಾನೂನಿದೆ. ಹೇಳಿದವರೇ ಮಾಡಬೇಕು."

"ಮಾಡ್ತೀನಿ, ಏನೀಗ? ಕೊಡಿ ಇಲ್ಲಿ ಸ್ಕ್ರೂಡ್ರೈವರ್!"

ಹೆಂಡತಿ ತೋಳೇರಿಸಿ ಕೂತರು. ಡ್ರೈವರು ಗೇಟು ಎತ್ತಿ ಹಿಡಿಯಬೇಕಾಯಿತು, ಮೇಡಂ ಸ್ಕ್ರೂ ಹಿಡಿಯಬೇಕಾಯಿತು, ಡಾಕ್ಟರು ಜಲ್ಲಿಗುಡ್ಡೆ ಹರಡಬೇಕಾಯಿತು. ಕೀಲೆರಡೂ ಕಳಚಿ ಕೈಗೆ ಬಂದಾಗ ರಾಯರಿಗೆ ಹೋದ ಜೀವ ಬಂದಂತಾಯಿತು. ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು: "ಸಿಕ್ತಲ್ಲ, ನಡಿ ಮನೆಗೆ. ಅಕ್ಕ ಬರೋ ಹೊತ್ತಾಯ್ತು."

"ಗೇಟು ಹೀಗೇ ಬಿಟ್ಟು ಹೋಗೋದಾ? ನಿಮಗೆ ಜವಾಬ್ದಾರಿ ಅನ್ನೋದೇ ಇಲ್ಲ!" ಎಂದು ಹೆಂಡತಿ ಕೀಲುಗಳನ್ನು ಮತ್ತೆ ಗೇಟಿಗೇ ಹೊಡೆದರು. ಬಿಚ್ಚಲು ಬಾರದಷ್ಟು ಬಿಗಿಯಾಗಿ.

ಗೇಟು ಒಳಕ್ಕೆ ತೆರೆಯಿತು, ಹಗುರವಾಗಿ, ಸದ್ದಿಲ್ಲದೆ. ಡಾಕ್ಟರು ಅಲ್ಲಿಯೇ ಅಧ್ಯಕ್ಷ ಪದವಿ ಬಿಟ್ಟುಕೊಟ್ಟರು. ಹೊಸ ಅಧ್ಯಕ್ಷೆಗೆ ಬಿದ್ದ ಚಪ್ಪಾಳೆ ರಾಯರಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು.

ಸಂಜೆ ಅಕ್ಕ ಬಂದರು. "ಅಕ್ಕಾ, ಒಂದು ಕೈಯಲ್ಲಿ ಬಾಗಿಲು ಹಿಡ್ಕೊ, ಹಾಡು ಮಾತ್ರ ನಿಲ್ಲಿಸಬೇಡ," ಎಂದು ತಂಗಿ ನಗುನಗುತ್ತ ಅವರನ್ನು ಬಚ್ಚಲಿಗೆ ಕಳಿಸಿದರು. ಬಿಟ್ಟು ಹೋಗುವ ಮಾತೇ ಇಲ್ಲ. ರಾಯರಿಗೆ ಊಟ ಬಡಿಸುತ್ತ, "ಮುಂದಿನ ಭಾನುವಾರ ಬೇಗ ಎಬ್ಬಿಸ್ತೀನಿ, ಚರಂಡಿ ಪೂರ್ತಿ ತೆಗೀಬೇಕು," ಎಂದರು.

ರಾಯರು ತುತ್ತು ಬಾಯಿಗಿಟ್ಟರು. "ಎಲ್ಲಾ ಸರಿ, ಆದರೆ ಉಪ್ಪು..."

"ಹೇಳಿದವರೇ ಮಾಡಬೇಕು. ನಾಳೆಯಿಂದ ಅಡುಗೆ ನಿಮ್ದು."

ರಾಯರು ತಕ್ಷಣ ಬಾಯಿ ಮುಚ್ಚಿದರು.

"ಪಾತ್ರೆನೂ ನೀವೇ ತೊಳೀತೀರಲ್ಲ?"

ರಾಯರು ತುಟಿ ಬಿಚ್ಚಲಿಲ್ಲ. ಬಚ್ಚಲಲ್ಲಿ ಹಾಡು ಒಂದು ಕ್ಷಣ ನಿಂತಿತು. "ಮೌನಂ ಸಮ್ಮತಿ ಲಕ್ಷಣಂ!" ಎಂದು ಅಕ್ಕ ಒಳಗಿನಿಂದಲೇ ಕೂಗಿ, ಮತ್ತೆ ಹಾಡು ಹಿಡಿದರು.

ಆದರೆರಾಯರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಡುಗೆಮನೆಯ ನಲ್ಲಿ ತೊಟತೊಟ ಸೋರುತ್ತಿತ್ತು. ಅದನ್ನು ಒಂದು ಗಳಿಗೆ ನೋಡಿದರು. ಯಾರಿಗೂ ಹೇಳಲಿಲ್ಲ.