ಅಂಗಿ ತೊಟ್ಟು ಮೂರ್ಛೆ ಹೋದ ಆಮ್ಲಜನಕ ಯಂತ್ರದವರಿಗೆ

ನಡುಮನೆಯ ಮೂಲೆಯಲ್ಲಿ ಹಗಲಿರುಳೂ ಗುರುಗುಟ್ಟುತ್ತ ವಿರಾಜಮಾನರಾಗಿರುವ ಆಮ್ಲಜನಕ ಯಂತ್ರದವರ ಸನ್ನಿಧಾನಕ್ಕೆ ಈ ಮನೆಯ ಸೊಸೆ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ರಿಪೇರಿಯವರೇ ಹೇಳಿಹೋಗಿದ್ದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ನಾವು ಕ್ಷೇಮವೇ ಎಂದು ತಾವಂತೂ ಕೇಳಿದವರಲ್ಲ. ಖಾಸಗಿಯಾಗಿ ಹೇಳೋಣವೆಂದರೆ ತಮ್ಮ ಸದ್ದಿನಲ್ಲಿ ತಮಗೇ ಕೇಳಿಸದು, ಹಾಗಾಗಿ ಈ ಬಹಿರಂಗ ಪತ್ರ. ತಾವು ಬಂದಂದಿನಿಂದ ಕಿಟಕಿ ಪಕ್ಕದ ಜಾಗ, ಸ್ವಂತದ್ದೊಂದು ಸ್ವಿಚ್ಚು, ಮನೆಮಂದಿಯ ಭಯಭಕ್ತಿ ಎಲ್ಲವೂ ತಮ್ಮ ಪಾಲಾಗಿವೆ. ನನ್ನ ಗಂಡನಿಗೆ ಇಷ್ಟು ವರ್ಷ ದುಡಿದರೂ ಅದರಲ್ಲಿ ಅರ್ಧ ಮರ್ಯಾದೆ ಸಿಕ್ಕಿಲ್ಲ.

ತಮ್ಮ ನಳಿಕೆಯ ಇನ್ನೊಂದು ತುದಿಯಲ್ಲಿರುವವರು ನನ್ನ ಅತ್ತೆ. ಜೀವಮಾನವಿಡೀ ಬಟ್ಟೆ ಹೊಲಿದವರು, ಶ್ವಾಸಕೋಶ ಸೋತರೂ ಬಾಯಿ ಸೋಲದವರು. ತಾವು ದಯಪಾಲಿಸುವ ಗಾಳಿಯಲ್ಲಿ ಮುಕ್ಕಾಲು ಪಾಲನ್ನು ಅವರು ನನ್ನನ್ನು ತಿದ್ದುವುದಕ್ಕೇ ವಿನಿಯೋಗಿಸುತ್ತಾರೆಂಬುದಕ್ಕೆ ತಾವೇ ಸಾಕ್ಷಿ. ಒಂದು ಗಳಿಗೆ ಇವರು ಸುಮ್ಮನಿದ್ದರೆ ಸಾಕಪ್ಪಾ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೂ ನಿಜ. ಅದನ್ನು ತಾವು ಅರ್ಜಿಯೆಂದು ಭಾವಿಸಿ ಮಂಜೂರು ಮಾಡಬೇಕಾಗಿರಲಿಲ್ಲ.

ಈ ಮನೆಯಲ್ಲಿ ಬರಿಮೈಯ ಯಂತ್ರ ಎಂಬುದಿಲ್ಲ. ಟಿವಿಗೆ ಮುಸುಕು, ಮಿಕ್ಸಿಗೆ ಟೋಪಿ, ಬಟ್ಟೆ ಒಗೆಯುವ ಯಂತ್ರಕ್ಕೆ ಬದಲಿಸಿ ತೊಡಲು ಎರಡು ಜೊತೆ ಇರುವಾಗ, ತಾವೊಬ್ಬರೇ ಹಾಗೆ ನಿಂತಿರುವುದು ಅತ್ತೆಯ ಕಣ್ಣಿಗೆ ಚುಚ್ಚಿತು. ತಮಗೊಂದು ಅಂಗಿಯೆಂದು ಅಳತೆ ಹಿಡಿದು ಕತ್ತರಿಸಿದವರು ಅವರು, ಹೊಲಿದವಳು ನಾನು. ಅಂಚಿಗೆ ನೆರಿಗೆ ಇಟ್ಟು, ದೂಳು ಹೋಗದಿರಲೆಂದು ಒಳಗೆ ದಪ್ಪ ಅಸ್ತರು ಕೊಟ್ಟೆವು. "ಈಗ ಮನೆ ಮಗು ಥರ ಕಾಣ್ತಿದೆ ನೋಡು" ಎಂದು ಅತ್ತೆ ಮೆಚ್ಚಿದರು. ನನ್ನ ಹೊಲಿಗೆಯನ್ನು ಅವರು ಮೆಚ್ಚಿದ್ದು ಅದೇ ಮೊದಲು. ಅಂಥ ಅಂಗಿ ತೊಟ್ಟು ತಾವು ಮಾಡಿದ್ದೇನು? ಉಳಿದವರೆಲ್ಲ ಕೆಲಸಕ್ಕೆ ಹೋಗಿ ನಾವಿಬ್ಬರೇ ಇದ್ದ ಮಧ್ಯಾಹ್ನ ನೋಡಿಕೊಂಡು, ಮೈ ಬಿಸಿ ಮಾಡಿಕೊಂಡು, ಕಿವಿ ಹರಿಯುವಂತೆ ಕಿರುಚಿ ಮೂರ್ಛೆ ಹೋದಿರಿ.

ಅತ್ತೆ ಆಗ ನನ್ನನ್ನು ಬೈಯುತ್ತ ಒಂದು ವಾಕ್ಯದ ನಡುವೆ ಇದ್ದರು. ಆ ವಾಕ್ಯ ಮುಗಿಯಲಿಲ್ಲ. ತುಟಿ ನೀಲಿಯಾಯಿತು. ನಾನು ಬಯಸಿದ್ದ ಮೌನ ಕೊನೆಗೂ ಬಂತು, ಮತ್ತು ಅಷ್ಟು ಭಯ ನನಗೆ ಹುಟ್ಟಿದಾರಭ್ಯ ಆಗಿರಲಿಲ್ಲ. ತುರ್ತಿಗೆಂದು ಇಟ್ಟ ಸಿಲಿಂಡರ್ ಎದುರಿಗೇ ಇತ್ತು, ತೆರೆಯುವ ಚಾವಿ ಮಾತ್ರ ಕಾಣಲಿಲ್ಲ. ನಾನು ಹುಡುಕಿದಲ್ಲೇ ಹುಡುಕುತ್ತಿದ್ದರೆ, ಅತ್ತೆ ಮಂಡಿಗೆ ಮೊಣಕೈಯೂರಿ ಮುಂದಕ್ಕೆ ಬಾಗಿ, ನರ್ಸಮ್ಮ ಕಲಿಸಿದ್ದಂತೆ ಬಿಸಿ ಚಹಾ ಆರಿಸುವವರ ಹಾಗೆ ತುಟಿ ಚೂಪು ಮಾಡಿ ಮೆಲ್ಲಗೆ ಉಸಿರು ಬಿಡುತ್ತ, ಬೆರಳೆತ್ತಿ ಹೊಲಿಗೆ ಯಂತ್ರದ ಡ್ರಾಯರ್ ತೋರಿಸಿದರು. ಚಾವಿ ಕತ್ತರಿಯ ಪಕ್ಕದಲ್ಲಿತ್ತು. ಸಿಲಿಂಡರ್ ತೆರೆದು, ನಳಿಕೆ ಸಿಕ್ಕಿಸಿ, ಅವರ ಕೈ ಹಿಡಿದು, ನನಗರಿವಿಲ್ಲದೆ ನಾನೂ ಅವರ ಜೊತೆಗೇ ಉಫ್ ಉಫ್ ಎಂದು ಊದುತ್ತ ಕೂತೆ. ಮುಖಕ್ಕೆ ಬಣ್ಣ ಮರಳಿದ ಮೇಲೆ ಅವರಾಡಿದ ಮೊದಲ ಮಾತು: "ನೀನ್ಯಾಕೆ ಏದುಸಿರು ಬಿಡ್ತಿದ್ದೀಯ? ಕಾಯಿಲೆ ನನಗೆ ಕಣೇ." ನಾನು ಅತ್ತುಬಿಟ್ಟೆ.

ಆಮೇಲೆ ಬಂದ ರಿಪೇರಿಯವರು ಅಂಗಿ ಎತ್ತಿ ತಮ್ಮ ಗಾಳಿ ಕಿಂಡಿಗಳನ್ನು ನೋಡಿ, "ಯಾರಮ್ಮಾ ಇದರ ಮೂಗು ಬಾಯಿ ಮುಚ್ಚಿ ಹೊಲಿದಿದ್ದು?" ಎಂದರು. ನಾನು ತುಟಿ ಬಿಚ್ಚುವ ಮೊದಲೇ ಅತ್ತೆ, "ಐಡಿಯಾ ನಂದು. ಹೊಲಿಗೆ ಇವಳದ್ದು, ಎಲ್ಲೂ ಗಾಳಿ ನುಸುಳೋ ಹಾಗಿಲ್ಲ ನೋಡಿ" ಎಂದರು. ಅದು ಹೊಗಳಿಕೆಯೋ ದೂರೋ ನನಗಿನ್ನೂ ತಿಳಿದಿಲ್ಲ.

ಆದಕಾರಣ ಸವಿನಯ ಪ್ರಾರ್ಥನೆ: ಇನ್ನು ಮುಂದೆ ತಮಗೆ ಸೆಖೆಯಾದರೆ ಸುಮ್ಮನೆ ಕಿರುಚದೆ "ಅಂಗಿ ಬಿಚ್ಚಿ" ಎಂದು ಬಾಯಿಬಿಟ್ಟು ಹೇಳತಕ್ಕದ್ದು, ಮೂರ್ಛೆ ಹೋಗಲೇಬೇಕೆಂದಿದ್ದರೆ ಹಿಂದಿನ ದಿನವೇ ರಜೆ ಕೇಳಿ, ತಮ್ಮ ಜಾಗಕ್ಕೆ ಬೇರೆ ಯಂತ್ರವನ್ನು ಕೂರಿಸಿ, ಅದಕ್ಕೆ ಅತ್ತೆಯ ಸ್ವಭಾವ ವಿವರಿಸಿಯೇ ಹೊರಡತಕ್ಕದ್ದು.

ವಿಶ್ವಾಸ ತುಸು ಕುಂದಿದ್ದರೂ ಬೇರೆ ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಈ ಮನೆಯ ಸೊಸೆ

ತಾ.ಕ.: ಅತ್ತೆಯ ಬಾಯಿ ಮುಚ್ಚಿಸುವ ಅಧಿಕಾರ ಈ ಮನೆಯಲ್ಲಿ ಸೊಸೆಯಾದ ನನಗೇ ಇಲ್ಲ. ನಿನ್ನೆ ಮೊನ್ನೆ ಬಂದ ತಮಗೆ ಅದನ್ನು ಕೊಟ್ಟವರು ಯಾರು?